ಎರಡು ಕಳೆ

"ಹೊಟ್ಟೆ ಒಳಗೆ ಎಳ್ಕೋಬೇಡ ಕಣೋ. ಸುಮ್ನೆ ನಿಂತ್ಕೋ."

"ಎಳ್ಕೊಂಡಿಲ್ಲಮ್ಮ! ಕಚಗುಳಿ ಆಗ್ತಿದೆ!"

ಅಮ್ಮ ಮಂಡಿಯೂರಿ ಕೂತು ತಮ್ಮನ ಸೊಂಟಕ್ಕೆ ಟೇಪು ಸುತ್ತಿದ್ದಳು. ಅಮ್ಮ ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಶಾಲೆಯವರು ಯೂನಿಫಾರ್ಮಿನ ಬಣ್ಣ ಬದಲಾಯಿಸಿದ್ದರಿಂದ ಕೋಣೆಯಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಎಲ್ಲಿ ನೋಡಿದರೂ ನೀಲಿ ಬಟ್ಟೆ. ಕಂಡವರ ಮಕ್ಕಳ ಸರದಿಯೆಲ್ಲ ಮುಗಿದು, ಕೊನೆಗೆ ಸ್ವಂತ ಮಗನ ಸರದಿ ಬಂದಿತ್ತು.

ಅಮ್ಮ ಟೇಪು ನೋಡಿದಳು. ಬಿಚ್ಚಿ ಇನ್ನೊಮ್ಮೆ ಸುತ್ತಿದಳು. ಮತ್ತೂ ಒಮ್ಮೆ ಸುತ್ತಿದಳು. ಆಮೇಲೆ ಅಳತೆ ಪುಸ್ತಕ ತೆಗೆದು ಹಿಂದಿನ ಹಾಳೆ ತಿರುವಿದಳು.

"ಹೋದ ತಿಂಗಳು ಇಪ್ಪತ್ತು ಇಂಚು. ಈಗ ಇಪ್ಪತ್ತೆರಡು" ಎಂದಳು. ಅವಳ ದನಿ ಯಾಕೋ ಸಣ್ಣದಾಗಿತ್ತು.

ಮೂಲೆಯಲ್ಲಿ ಕಾಗದದ ಹಕ್ಕಿ ಕತ್ತರಿಸುತ್ತಿದ್ದ ಅಕ್ಕನ ಕೈ ಅಲ್ಲೇ ನಿಂತುಹೋಯಿತು.

ಈ ಅಕ್ಕನಿಗೆ ಮನೆಯಲ್ಲಿ 'ಕತ್ತರಿ' ಎಂದೇ ಹೆಸರು. ಕ್ಯಾಲೆಂಡರು, ರಟ್ಟು, ಒಂದು ಸಲ ಅಜ್ಜಿಯ ಕನ್ನಡಕದ ದಾರ, ಹೀಗೆ ಕೈಗೆ ಸಿಕ್ಕಿದ್ದನ್ನು ಅವಳು ಬಿಟ್ಟವಳೇ ಅಲ್ಲ. ತಮ್ಮನ ಹೆಸರು 'ಕಡ್ಡಿ'. ಯಾಕೆ ಎಂದು ಅವನನ್ನು ನೋಡಿದರೇ ತಿಳಿಯುತ್ತಿತ್ತು. ಈಚೆಗೆ ಅಷ್ಟು ತಿಳಿಯುತ್ತಿರಲಿಲ್ಲ.

"ಅಂತೂ ನನ್ನ ಮೊಮ್ಮಗ ಮೈ ತುಂಬಿಕೊಂಡ!" ಅಜ್ಜಿ ಅವನ ಕೆನ್ನೆ ಹಿಂಡಿದಳು. "ಇನ್ಮೇಲೆ ಯಾರೂ ಕಡ್ಡಿ ಅನ್ಬೇಡಿ. ಗುಂಡ ಅನ್ನಿ."

"ಅತ್ತೆ, ಅವನ ತೋಳು ನೋಡಿ, ಅದೇ ಕಡ್ಡಿ. ಊಟ ಅರ್ಧಕ್ಕೇ ಬಿಡ್ತಾನೆ. ಬರೀ ಹೊಟ್ಟೆ ಹೇಗೆ ದಪ್ಪ ಆಗುತ್ತೆ?" ಅಮ್ಮ ತಮ್ಮನ ಕಾಲುಚೀಲ ಕೆಳಗಿಳಿಸಿದಳು. ಅದರ ಎಲಾಸ್ಟಿಕ್ಕಿನ ಗುರುತು ಆಳವಾಗಿ ಮೂಡಿತ್ತು. "ನಾಳೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ."

ಅಪ್ಪ ಆಗಷ್ಟೇ ಬಸ್ ಡಿಪೋದಿಂದ ಬಂದಿದ್ದ. ಅಲ್ಲಿ ಅವನು ಮೆಕ್ಯಾನಿಕ್. ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ ಕೇಳಿದ, "ಎರಡು ಇಂಚಿಗೆಲ್ಲ ಯಾರಾದ್ರೂ ಆಸ್ಪತ್ರೆಗೆ ಹೋಗ್ತಾರಾ? ಬೆಳೆಯೋ ಹುಡುಗ."

"ಬೆಳೆಯೋ ಮಕ್ಕಳು ಉದ್ದಕ್ಕೆ ಬೆಳೀತಾರೆ ರೀ."

"ಸೋಮವಾರಕ್ಕೆ ನಲವತ್ತು ಯೂನಿಫಾರ್ಮ್ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೀಯ. ಸುಮ್ನೆ ಒಂದು ದಿನ ಹಾಳು. ನೀನೇನು ಡಾಕ್ಟರಾ?"

"ಡಾಕ್ಟರಲ್ಲ, ಟೈಲರ್. ಇಂಚು ನನಗೆ ಗೊತ್ತು."

ಅಪ್ಪ ಕೈ ತೊಳೆಯಲು ಹೋದ. ಬಚ್ಚಲುಮನೆಯ ಬಾಗಿಲು ದಡಾರ್ ಎಂದಿತು. ಆ ಸಂಜೆ ಊಟಕ್ಕೆ ಕೂತಾಗ ಅಪ್ಪ ಅಮ್ಮನಿಗೆ ಹೇಳಬೇಕಾದ್ದನ್ನು ಅಜ್ಜಿಗೆ ಹೇಳಿದ, ಅಮ್ಮ ಅಪ್ಪನಿಗೆ ಹೇಳಬೇಕಾದ್ದನ್ನು ತಟ್ಟೆಗೆ ಹೇಳಿದಳು.

ಕತ್ತರಿ ಅನ್ನವನ್ನು ತಟ್ಟೆಯ ಈ ಅಂಚಿನಿಂದ ಆ ಅಂಚಿಗೆ ತಳ್ಳುತ್ತಾ ಕೂತಳು. ಏಕೆಂದರೆ ಆ ಎರಡು ಇಂಚು ಎಲ್ಲಿಂದ ಬಂತು ಎಂದು ಅವಳಿಗೆ ಗೊತ್ತಿತ್ತು.

ಹದಿನೈದು ದಿನದ ಹಿಂದೆ ಶಾಲೆಯಲ್ಲಿ ಸೈನ್ಸ್ ಎಕ್ಸಿಬಿಷನ್ ಇತ್ತು. ಅವಳು ಬೀನ್ಸ್ ಬೀಜ ಮೊಳಕೆ ಬರಿಸಿದ್ದಳು. ಪುಟ್ಟ ಗಿಡದ ಪಕ್ಕ ನಿಲ್ಲಿಸಲು ಒಂದು ಪುಟ್ಟ ಅಳತೆಪಟ್ಟಿ ಬೇಕಿತ್ತು. ಹೊಲಿಗೆ ಮೆಷಿನ್ ಮೇಲೆ ಅಮ್ಮನ ಟೇಪು ಬಿದ್ದಿತ್ತು. ಮೊದಲಿನ ಎರಡೇ ಎರಡು ಇಂಚು. ಕಚಕ್!

ಬೈಗುಳ ಬೀಳುತ್ತದೆ ಎಂದು ಕಾದಳು. ಬೀಳಲಿಲ್ಲ. ಅಳೆಯುವಾಗ ಟೇಪಿನ ತುದಿ ಯಾವಾಗಲೂ ಅಮ್ಮನ ಹೆಬ್ಬೆರಳಿನ ಕೆಳಗೇ ಇರುತ್ತಿತ್ತು. ಗಡಿಬಿಡಿಯಲ್ಲಿ ಅಮ್ಮ ಗಮನಿಸಿಲ್ಲ ಎಂದುಕೊಂಡಳು. ಆ ಗಡಿಬಿಡಿಯಲ್ಲೇ ಅಮ್ಮ ಎಕ್ಸಿಬಿಷನ್ನಿಗೂ ಬರಲಿಲ್ಲ ಎಂದು ಕತ್ತರಿಗೆ ಸಿಟ್ಟೂ ಇತ್ತು.

ಈಗ ಟೇಪು ಸೊನ್ನೆಯಿಂದ ಶುರುವಾಗುವುದಿಲ್ಲ, ಎರಡರಿಂದ ಶುರುವಾಗುತ್ತದೆ. ಇಪ್ಪತ್ತು ಇಂಚಿನ ಹೊಟ್ಟೆಯನ್ನು ಇಪ್ಪತ್ತೆರಡು ಎನ್ನುತ್ತದೆ. ಕಡ್ಡಿಗೆ ಏನೂ ಆಗಿಲ್ಲ. ತಪ್ಪೆಲ್ಲ ತನ್ನದೇ.

ಹೇಳಿಬಿಡಬೇಕು ಎಂದು ಮೂರು ಸಲ ಅಮ್ಮನ ಹತ್ತಿರ ಹೋದಳು. ಮೂರು ಸಲವೂ ನೀರು ಕುಡಿದು ವಾಪಸ್ ಬಂದಳು.

ಮರುದಿನ ಶನಿವಾರ. "ನಾನೂ ಬರ್ತೀನಿ" ಎಂದು ಕತ್ತರಿ ಹಟ ಹಿಡಿದಳು. ಅಜ್ಜಿ ಗದರಿದ್ದಕ್ಕೆ ಅಪ್ಪನೂ ಮುಖ ಊದಿಸಿಕೊಂಡು ಹೊರಟ.

ಆಸ್ಪತ್ರೆಯಲ್ಲಿ ತಮ್ಮ ಸಣ್ಣ ಬಾಟಲಿಗೆ ಮೂತ್ರ ಮಾಡಿಕೊಟ್ಟು, "ಒಂದು ಹನೀನೂ ಚೆಲ್ಲಲಿಲ್ಲ" ಎಂದು ಎಲ್ಲರಿಗೂ ಸಾರಿದ. ಸ್ವಲ್ಪ ಹೊತ್ತಿಗೆ ಸಿಸ್ಟರ್ ಟ್ರೇ ಹಿಡಿದು ಬಂದರು. ಟ್ರೇಯಲ್ಲಿ ಸೂಜಿ ಇತ್ತು. ತಮ್ಮನ ಜಂಬವೆಲ್ಲ ಇಳಿದುಹೋಯಿತು. ಅವನು ಅಮ್ಮನ ಬೆನ್ನ ಹಿಂದೆ ಸೇರಿಕೊಂಡು ಕಿರುಚಿದ, "ಬೇಡಮ್ಮಾ! ಚುಚ್ಚೋದು ಬೇಡಮ್ಮಾ!"

ಕತ್ತರಿಗೆ ಇನ್ನು ತಡೆಯಲಾಗಲಿಲ್ಲ.

"ಚುಚ್ಚಬೇಡಿ! ಅವನಿಗೆ ಏನೂ ಆಗಿಲ್ಲ! ಟೇಪು ಕತ್ತರಿಸಿದ್ದು ನಾನು! ಎರಡು ಇಂಚು ನಾನೇ ಕತ್ತರಿಸಿದ್ದು!"

ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಅಳುತ್ತಲೇ ಅವಳು ಬೀನ್ಸ್ ಗಿಡದಿಂದ ಹಿಡಿದು ಎಲ್ಲವನ್ನೂ ಹೇಳಿದಳು.

ಅಪ್ಪ ಎದ್ದು ನಿಂತ. "ಕೇಳಿದ್ಯಾ? ತುಂಡು ಟೇಪು ಇಟ್ಕೊಂಡು ಇಷ್ಟೆಲ್ಲ ರಂಪ! ನಡಿ ಮನೆಗೆ."

ಅಮ್ಮ ಏಳಲಿಲ್ಲ. ಚೀಲದಿಂದ ಅಳತೆ ಪುಸ್ತಕ ತೆಗೆದು ಕತ್ತರಿಯ ಮುಂದೆ ಹಿಡಿದಳು. ಹಾಳೆಯ ಮೇಲಿನ ಮೂಲೆಯಲ್ಲಿ ಪುಟ್ಟದಾಗಿ ಏನೋ ಬರೆದಿತ್ತು.

"ಏನಿದೆ ಓದು."

"ಎ... ಕ..."

"ಎರಡು ಕಳೆ. ಹಿಂದಿನ ಹಾಳೆಯಲ್ಲೂ ಇದೆ, ಅದರ ಹಿಂದಿನದರಲ್ಲೂ ಇದೆ, ನೋಡು. ಹದಿನೈದು ದಿನದಿಂದ ಬರೀತಿದ್ದೀನಿ. ನಿನ್ನೆ ಇವನಿಗೆ ಟೇಪಲ್ಲಿ ಬಂದಿದ್ದು ಇಪ್ಪತ್ನಾಲ್ಕು. ಎರಡು ಕಳೆದು ಇಪ್ಪತ್ತೆರಡು ಅಂತ ಬರ್ಕೊಂಡೆ."

ಕತ್ತರಿ ಬಾಯಿ ಬಿಟ್ಟುಕೊಂಡು ನಿಂತಳು. "ನಿನಗೆ ಗೊತ್ತಿತ್ತಾ?"

"ವರ್ಷಗಟ್ಟಲೆ ಕೊರಳಲ್ಲಿ ಹಾಕ್ಕೊಂಡಿರೋ ಟೇಪು ಕಣೇ. ಗೊತ್ತಾಗ್ದೆ ಇರುತ್ತಾ?"

"ಮತ್ಯಾಕೆ ಬೈಲಿಲ್ಲ?"

"ಬೈಯೋಕೆ ಅಂತಾನೇ ಮೆಷಿನ್ ನಿಲ್ಲಿಸಿ ನಿನ್ನ ಸ್ಕೂಲಿಗೆ ಬಂದೆ. ಬಾಗಿಲ ಹತ್ರ ನಿಂತು ನೋಡಿದೆ. ನಿನ್ನ ಗಿಡದ ಪಕ್ಕ ನನ್ನ ಟೇಪು ನಿಂತಿತ್ತು. ನೀನು ಅಷ್ಟು ಜನಕ್ಕೆ, 'ಯಾವಾಗ್ಲೂ ಸೊನ್ನೆಯಿಂದ ಅಳೀಬೇಕು' ಅಂತ ಮೇಡಮ್ ಥರ ಹೇಳ್ಕೊಡ್ತಿದ್ದೆ. ನನ್ನ ಮಗಳು ಅಂತ ಎಷ್ಟು ಹೆಮ್ಮೆ ಆಯ್ತು ಗೊತ್ತಾ? ಬೈಯೋದು ಮರೆತೇಹೋಯ್ತು." ಅಮ್ಮ ಅಪ್ಪನ ಕಡೆ ತಿರುಗಿದಳು. "ನನ್ನ ಲೆಕ್ಕ ತಪ್ಪಿಲ್ಲ ರೀ. ಡಾಕ್ಟರು ಹೇಳೋವರೆಗೂ ನಾನು ಇಲ್ಲಿಂದ ಏಳಲ್ಲ."

ಅಪ್ಪ ಕೂತ. ಅಮ್ಮ ತಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನ ಕಿವಿಯಲ್ಲಿ ಒಂದು, ಎರಡು, ಮೂರು ಎಂದು ಎಣಿಸಿದಳು. ಒಂಬತ್ತಕ್ಕೆ ಸೂಜಿ ಹೊರಗೆ ಬಂತು.

ಮಧ್ಯಾಹ್ನ ಡಾಕ್ಟರಮ್ಮ ಅವರನ್ನು ಒಳಗೆ ಕರೆದರು.

"ಇವನ ಕಿಡ್ನಿ ಒಂದು ಜರಡಿ ಥರ. ಅದೀಗ ಸ್ವಲ್ಪ ಸಡಿಲ ಆಗಿದೆ. ಮೈಗೆ ಬೇಕಾದ ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗ್ತಿದೆ. ಅದಕ್ಕೇ ಹೊಟ್ಟೆಯಲ್ಲಿ ನೀರು ನಿಂತಿದೆ. ಭಯಪಡಬೇಡಿ, ಔಷಧಿ ಇದೆ. ಕೆಲವು ತಿಂಗಳು ಬಿಡದೆ ಕೊಡಬೇಕು, ಉಪ್ಪು ಕಮ್ಮಿ ಮಾಡಬೇಕು. ತುಂಬಾ ಜನ ಕಣ್ಣು ಮುಚ್ಚೋ ಹಾಗೆ ಮುಖ ಊದಿಕೊಂಡ ಮೇಲೆ ಕರ್ಕೊಂಡು ಬರ್ತಾರೆ. ಇಷ್ಟು ಬೇಗ ಕಂಡುಹಿಡಿದಿದ್ದು ಯಾರು?"

ಅಮ್ಮ ಅಳತೆ ಪುಸ್ತಕ ತೋರಿಸಿದಳು. ಡಾಕ್ಟರಮ್ಮ ಹಾಳೆ ತಿರುವಿ ತಿರುವಿ ನೋಡಿದರು. "ಎಷ್ಟು ಚೆನ್ನಾಗಿ ಬರೆದಿದ್ದೀರ! ನೀವು ನರ್ಸಾ?"

ಅಮ್ಮ ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ, "ಅಲ್ಲ ಡಾಕ್ಟ್ರೇ. ಇವಳು ಟೈಲರ್."

ನಿನ್ನೆಯ ಅದೇ ಮಾತು. ಆದರೆ ಇವತ್ತು ಅಪ್ಪನ ಎದೆ ಎರಡು ಇಂಚು ಉಬ್ಬಿದ್ದನ್ನು ಕತ್ತರಿ ಕಣ್ಣಾರೆ ಕಂಡಳು.

ಭಾನುವಾರ ಇಡೀ ದಿನ ಅಪ್ಪ ಅಮ್ಮನ ಪಕ್ಕದಲ್ಲಿ ಕೂತು ಯೂನಿಫಾರ್ಮಿಗೆ ಗುಂಡಿ ಹೊಲಿದ. ಬೋಲ್ಟ್ ಬಿಗಿದ ಹಾಗೆ ಬಿಗಿದಿದ್ದರಿಂದ ಆರು ಗುಂಡಿಗಳನ್ನು ಅಮ್ಮ ಬಿಚ್ಚಿ ಮತ್ತೆ ಹಾಕಬೇಕಾಯಿತು. ಅಜ್ಜಿ ಮೊಮ್ಮಗನಿಗೆ ಜೊತೆಯಾಗಲೆಂದು ತಾನೂ ಉಪ್ಪಿಲ್ಲದೆ ಉಂಡಳು, ಒಂದೊಂದು ತುತ್ತಿಗೂ ಒಂದೊಂದು ಮುಖ ಮಾಡಿದಳು.

ಸೋಮವಾರ ಶಾಲೆಯ ಪ್ರೇಯರಿನಲ್ಲಿ ಕತ್ತರಿ ಕಣ್ಣು ಮುಚ್ಚಲಿಲ್ಲ. ಸಾಲು ಸಾಲು ನೀಲಿ ಯೂನಿಫಾರ್ಮುಗಳನ್ನೇ ನೋಡಿದಳು. ಎಲ್ಲ ಆ ತುಂಡು ಟೇಪಿನಲ್ಲೇ ಅಳೆದವು. ಒಂದೂ ಸಡಿಲವಿರಲಿಲ್ಲ.

ತಮ್ಮನ ಹೊಟ್ಟೆಯನ್ನು ದಿನಾ ಬೆಳಿಗ್ಗೆ ಅಳೆದು ಬರೆದಿಡಲು ಡಾಕ್ಟರಮ್ಮ ಹೇಳಿದ್ದರು. ಅಮ್ಮ ಆ ಕೆಲಸವನ್ನು ಕತ್ತರಿಗೆ ಕೊಟ್ಟಳು. ಟೇಪನ್ನೂ ಕೊಟ್ಟಳು.

ಮೂರು ವಾರ ಕಳೆಯಿತು. ಔಷಧಿಯಿಂದ ತಮ್ಮನ ಕೆನ್ನೆ ಇನ್ನೂ ದುಂಡಗಿತ್ತು. ಹಾಗಾಗುತ್ತದೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಕಾಲುಚೀಲದ ಗುರುತು ಮಾತ್ರ ಮಾಯವಾಗಿತ್ತು.

ಆ ದಿನ ಬೆಳಿಗ್ಗೆ ಕತ್ತರಿ ಟೇಪು ಸುತ್ತಿದಳು. ನೋಡಿದಳು. ಬಿಚ್ಚಿ ಇನ್ನೊಮ್ಮೆ ಸುತ್ತಿದಳು. ಮತ್ತೂ ಒಮ್ಮೆ ಸುತ್ತಿದಳು.

"ಎಷ್ಟು ಬಂತೇ?" ಮೆಷಿನ್ ತುಳಿಯುತ್ತಲೇ ಅಮ್ಮ ಕೇಳಿದಳು.

ಟೇಪಿನಲ್ಲಿ ಇಪ್ಪತ್ತೆರಡು ಬಂದಿತ್ತು.

"ಇಪ್ಪತ್ತು" ಎಂದಳು ಕತ್ತರಿ.

ಮೆಷಿನ್ ನಿಂತಿತು. ಅಮ್ಮ ಎದ್ದು ಬಂದಳು. ತಮ್ಮನ ತಲೆಯನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ವಾಪಸ್ ಹೋಗಿ ಮತ್ತೆ ಹೊಲಿಯತೊಡಗಿದಳು.

ಇನ್ನೊಮ್ಮೆ ಅಳೆದು ನೋಡಲಿಲ್ಲ.

ಕತ್ತರಿ ಪುಸ್ತಕದಲ್ಲಿ ಇಪ್ಪತ್ತು ಎಂದು ಬರೆದಳು. ಮೂಲೆಯಲ್ಲಿ ಪುಟ್ಟದಾಗಿ ಎ.ಕ. ಎಂದು ಬರೆದಳು. ಟೇಪನ್ನು ಮೆಷಿನ್ ಮೇಲಿಡಲು ಹೋದವಳು ಇಡಲಿಲ್ಲ. ಕೊರಳಿಗೆ ಹಾಕಿಕೊಂಡಳು, ಅಮ್ಮನ ಹಾಗೆ.