ಪಟ್ಟಿಯಲ್ಲಿಲ್ಲದ ಬಿಸ್ಕತ್ತು

"ಆಲ್ಸೀಡ್ ಜೋಸೆಫ್ ಫೋಂಟನೋ!" ಎಂದು ಕೊರಿನ್ ಗಟ್ಟಿಯಾಗಿ ಓದಿದಳು.

ಯಾರೂ ಉತ್ತರ ಕೊಡಲಿಲ್ಲ.

ವಾದ್ಯಗಾರರ ಕ್ಲಬ್ಬಿನ ಮೆಟ್ಟಿಲ ಮುಂದೆ ಬೀದಿ ತುಂಬ ಜನ ನಿಂತಿದ್ದರು. ಟ್ರಂಪೆಟ್ ನುಡಿಸುವವರು ಟ್ರಂಪೆಟ್ ಹಿಡಿದು ಸಿದ್ಧರಾಗಿದ್ದರು. ಮಿಸ್ಟರ್ ಕ್ಲೋವಿಸ್ ದೊಡ್ಡ ಡ್ರಮ್ ಬಾರಿಸಲು ಕೋಲು ಎತ್ತಿದ್ದರು. ಎತ್ತಿದ ಕೋಲು ಎತ್ತಿದ ಹಾಗೇ ಇತ್ತು.

ದನಿ ಕೇಳಿಸಲಿಲ್ಲವೇನೋ ಎಂದು ಕೊರಿನ್ ಇನ್ನೊಂದು ಸಲ ಓದಿದಳು. ಯಾರೋ ಕೆಮ್ಮಿದರು. ಒಂದು ಪುಟ್ಟ ಮಗು, "ಅಮ್ಮಾ, ಡ್ಯಾನ್ಸ್ ಯಾವಾಗ?" ಎಂದಿತು.

ನ್ಯೂ ಆರ್ಲಿಯನ್ಸಿನ ಆ ಬೀದಿಯಲ್ಲಿ ಪ್ರತಿ ವರ್ಷ ನವೆಂಬರಿನ ಮೊದಲ ಶನಿವಾರ ತೀರಿಕೊಂಡ ಜಾಜ್ ವಾದ್ಯಗಾರರ ಹೆಸರು ಕೂಗುತ್ತಾರೆ. ಒಂದೊಂದು ಹೆಸರು ಕೂಗಿದಾಗಲೂ ಜನ, "ಇಲ್ಲೇ ಇದ್ದಾನೆ!" ಅನ್ನಬೇಕು. ಆಗ ಡ್ರಮ್ ಒಂದು ಸಲ ಧಮ್ ಅನ್ನಬೇಕು. ಎಲ್ಲರ ಹೆಸರೂ ಮುಗಿದ ಮೇಲೆಯೇ ಬ್ಯಾಂಡು, ಮೆರವಣಿಗೆ, ಕುಣಿತ. ಕೂಗಿದ ಹೆಸರಿಗೆ ಉತ್ತರವೇ ಬಾರದೆ ಹೋದದ್ದನ್ನು ಇದುವರೆಗೆ ಯಾರೂ ಕಂಡಿರಲಿಲ್ಲ.

ಇಪ್ಪತ್ತು ವರ್ಷದಿಂದ ಹೆಸರು ಕೂಗುತ್ತಿದ್ದವರು ಮಿಸ್ಟರ್ ಒಕ್ಟೇವ್. ಅವರು ಚೀಟಿ ನೋಡುತ್ತಿರಲಿಲ್ಲ. ಎಲ್ಲವೂ ತಲೆಯಲ್ಲೇ ಇತ್ತು. ಹೋದ ಮೇ ತಿಂಗಳಲ್ಲಿ ಅವರೂ ತೀರಿಕೊಂಡರು.

"ಈ ಸಲ ನಾನು ಓದ್ತೀನಿ ಅಜ್ಜಿ. ಪಟ್ಟಿನೂ ನಾನೇ ಮಾಡ್ತೀನಿ. ಅಲ್ಲೀವರೆಗೆ ಯಾರೂ ನೋಡೋ ಹಾಗಿಲ್ಲ," ಎಂದು ಕೊರಿನ್ ಹಟ ಹಿಡಿದಿದ್ದಳು. ಅಜ್ಜಿಗೆ ನೂರು ಜನರ ಅಡುಗೆಯ ಯೋಚನೆ. "ಆಯ್ತು ಬೇಬಿ, ನೀನೇ ಮಾಡು," ಎಂದುಬಿಟ್ಟಿದ್ದಳು.

ಗೋರಿಗಳಿಗೆ ಸುಣ್ಣ ಬಳಿಯಲು ಎಲ್ಲರೂ ಹೋಗಿದ್ದ ದಿನ ಕೊರಿನ್ ಪುಸ್ತಕ, ಪೆನ್ಸಿಲ್ ಒಯ್ದಿದ್ದಳು. ಕ್ಲಬ್ಬಿನವರ ಕಲ್ಲುಗಳ ಮೇಲೆ ಚಿಕ್ಕದೊಂದು ಟ್ರಂಪೆಟ್ ಕೆತ್ತಿರುತ್ತದೆ. ಅದನ್ನು ಹುಡುಕಿ ಹುಡುಕಿ ಹದಿನಾಲ್ಕು ಹೆಸರು ಬರೆದುಕೊಂಡಿದ್ದಳು. ಒಂದು ಅಕ್ಷರವೂ ತಪ್ಪಿರಲಿಲ್ಲ. ಎರಡೆರಡು ಸಲ ನೋಡಿದ್ದಳು.

ಈಗ ಅವಳು ಎರಡನೆಯ ಹೆಸರು ಓದಿದಳು. "ಅರ್ನೆಸ್ಟ್ ಥಿಯೋಡೋರ್ ಬ್ರೂಸಾರ್!"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏ ಕೊರಿನ್, ಏನೇ ಇದು? ಕ್ಲಾಸಲ್ಲಿ ಅಟೆಂಡೆನ್ಸ್ ತಗೋತಿದೀಯಾ?" ಎಂದು ಚಿಕ್ಕಪ್ಪನ ಮಗ ಟೈರೆಲ್ ಹಿಂದಿನಿಂದ ಕೂಗಿದ. "ಇವತ್ತು ಎಲ್ರೂ ಆಬ್ಸೆಂಟು!"

ಹುಡುಗರು ಕಿಸಕ್ಕನೆ ನಕ್ಕರು. ಕೊರಿನ್‌ಳ ಕಿವಿ ಬಿಸಿಯಾಯಿತು.

ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ಮಿಸ್ ವರ್ಲೀನ್ ಕುಳಿತಿದ್ದರು. ಎಂಬತ್ತು ದಾಟಿದ ಮುದುಕಿ. ಇಸ್ತ್ರಿ ಮಾಡಿದ ಬಿಳಿ ಉಡುಪು, ಬಿಳಿ ಟೋಪಿ. ಅವರು ಕೈ ಬೀಸಿ ಕೊರಿನ್‌ಳನ್ನು ಹತ್ತಿರ ಕರೆದರು.

"ಬೇಬಿ, ನಮ್ಮನೆಯವರ ಹೆಸರು ಎಷ್ಟನೇದು? ತುಂಬಾ ಹೊತ್ತು ಕೂರೋಕಾಗಲ್ಲ, ಸೊಂಟ ನೋಯುತ್ತೆ."

"ಯಾರ ಹೆಸರು, ಮಿಸ್ ವರ್ಲೀನ್?"

"ಬಿಸ್ಕತ್ತು ಕಣಮ್ಮ. ನನ್ನ ಬಿಸ್ಕತ್ತು."

ಕೊರಿನ್ ಹಾಳೆಯ ಮೇಲೆ ಬೆರಳಿಟ್ಟು ಕೊನೆಯತನಕ ಹುಡುಕಿದಳು. ಮತ್ತೆ ಕೆಳಗಿನಿಂದ ಮೇಲೆ ಹುಡುಕಿದಳು.

"ಬಿಸ್ಕತ್ತು ಅಂತ... ಇದರಲ್ಲಿ ಇಲ್ಲ."

"ಇಲ್ವಾ?" ಮಿಸ್ ವರ್ಲೀನ್‌ರ ಮುಖ ಸಣ್ಣದಾಯಿತು. "ಆರೇ ವರ್ಷ ಆಯ್ತಲ್ಲಮ್ಮ ಹೋಗಿ. ಅಷ್ಟರಲ್ಲೇ ಮರ್ತುಬಿಟ್ರಾ?"

ಕೊರಿನ್‌ಗೆ ಅಲ್ಲಿಂದ ಓಡಿಹೋಗಿ ಮಂಚದ ಕೆಳಗೆ ಸೇರಿಕೊಳ್ಳಬೇಕು ಅನ್ನಿಸಿತು. ಆದರೆ ಮಿಸ್ ವರ್ಲೀನ್ ಅವಳ ಕೈ ಬಿಟ್ಟಿರಲಿಲ್ಲ.

"ಅವರ ಗೋರಿ ಎಲ್ಲಿದೆ, ಮಿಸ್ ವರ್ಲೀನ್?" ಎಂದು ಕೊರಿನ್ ಮೆಲ್ಲಗೆ ಕೇಳಿದಳು.

"ಗೇಟಿನ ಎಡಕ್ಕೆ. ಅಂಜೂರದ ಮರದ ಕೆಳಗೆ."

ಅಂಜೂರದ ಮರ! ಮೊದಲನೆಯ ಹೆಸರು ಬರೆದುಕೊಂಡದ್ದೇ ಅಲ್ಲಿ. ಬರೆಯುವಾಗ ಒಂದು ಹಣ್ಣು ಪುಸ್ತಕದ ಮೇಲೇ ಬಿದ್ದಿತ್ತು. ಹಾಳೆಯ ಮೇಲೆ ಕಲೆ ಇನ್ನೂ ಇತ್ತು.

"ಅಂದ್ರೆ... ಅವರೇ ಆಲ್ಸೀಡ್ ಜೋಸೆಫ್ ಫೋಂಟನೋ?"

ಮಿಸ್ ವರ್ಲೀನ್ ಬಾಯಿ ತೆರೆದರು. ಆಮೇಲೆ ಹಣೆ ಚಚ್ಚಿಕೊಂಡರು.

"ಅಯ್ಯೋ, ಹೌದಲ್ಲೇ! ಆ ಹೆಸರು ನನ್ನ ಕಿವಿಗೆ ಬಿದ್ದಿದ್ದೇ ಎರಡು ಸಲ. ಮದುವೆ ದಿನ ಪಾದ್ರಿ ಬಾಯಲ್ಲಿ ಒಂದ್ಸಲ, ಕಲ್ಲು ಕೆತ್ತೋನ ಬಾಯಲ್ಲಿ ಒಂದ್ಸಲ!"

ಹತ್ತಿರ ನಿಂತವರು ಗೊಳ್ಳೆಂದು ನಕ್ಕರು. ಕೇಳಿಸದವರು "ಏನಂತೆ, ಏನಂತೆ?" ಎಂದರು. ಕೊರಿನ್ ಮೆಟ್ಟಿಲು ಹತ್ತಿ ಉಸಿರು ತುಂಬಿಕೊಂಡಳು.

"ಬಿಸ್ಕತ್ತು!"

"ಇಲ್ಲೇ ಇದ್ದಾನೆ!" ಇಡೀ ಬೀದಿ ಒಟ್ಟಿಗೇ ಕೂಗಿತು.

ಧಮ್!

ಮಿಸ್ ವರ್ಲೀನ್ ಟೋಪಿ ಸರಿಮಾಡಿಕೊಂಡು ನೆಟ್ಟಗೆ ಕೂತರು.

ಇನ್ನೂ ಹದಿಮೂರು ಹೆಸರು ಬಾಕಿ. ಅವರನ್ನೆಲ್ಲ ಏನೆಂದು ಕರೆಯುತ್ತಿದ್ದರೋ ಕೊರಿನ್‌ಗೆ ಗೊತ್ತಿಲ್ಲ; ಪ್ರತಿ ವರ್ಷ ಹೆಸರು ಕೂಗುವ ಹೊತ್ತಿಗೆ ಅವಳು ಅಡುಗೆಮನೆಯಲ್ಲಿ ಅಜ್ಜಿಯ ಜೊತೆ ಇರುತ್ತಿದ್ದಳು. ಗೊತ್ತಿದ್ದದ್ದು ಕಲ್ಲುಗಳು ಮಾತ್ರ.

"ಎರಡನೆಯವರ ಕಲ್ಲಿನ ಮೂಲೆ ಒಡೆದಿದೆ," ಎಂದಳು. "ಪಕ್ಕದಲ್ಲೇ ನಲ್ಲಿ ಇದೆ. ಅವರು ಯಾರು?"

"ನಲ್ಲಿ ಪಕ್ಕ ಅಂದ್ರೆ ನಮ್ಮ ಒಂದ್ನಿಮಿಷ ಅಲ್ವೇನೋ?" ಎಂದರು ಒಬ್ಬರು.

"ಅವನೇ! ಬ್ಯಾಂಡು ಅರ್ಧ ದಾರಿ ಹೋದ್ಮೇಲೆ, ಒಂದ್ನಿಮಿಷ, ಒಂದ್ನಿಮಿಷ ಅಂತ ಶೂ ಲೇಸ್ ಕಟ್ಕೊಂಡು ಓಡಿ ಬರೋನು."

"ತನ್ನ ಹೆಣದ ಮೆರವಣಿಗೆಗೂ ಲೇಟು ಕಣ್ರೋ," ಎಂದರು ಮಿಸ್ಟರ್ ಕ್ಲೋವಿಸ್. "ಗಾಡಿ ಪಂಕ್ಚರ್ ಆಗಿತ್ತು!"

"ಒಂದ್ನಿಮಿಷ!" ಎಂದು ಕೂಗಿದಳು ಕೊರಿನ್.

"ಇಲ್ಲೇ ಇದ್ದಾನೆ!"

ಧಮ್!

ಮೂರನೆಯ ಕಲ್ಲು ಒಬ್ಬ ಹೆಂಗಸಿನದು. ಪಿಯಾನೋ ನುಡಿಸುವಾಗ ಚಪ್ಪಲಿ ಕಳಚಿಟ್ಟು, ಮನೆಗೆ ಹೋಗುವಾಗ ಬೇರೆಯವರ ಚಪ್ಪಲಿ ಹಾಕಿಕೊಂಡು ಹೋಗುತ್ತಿದ್ದ ಮಿಸ್ ಸ್ಲಿಪ್ಪರ್. "ನನ್ನ ಹೊಸ ಜೋಡು ಇನ್ನೂ ವಾಪಸ್ ಬಂದಿಲ್ಲ," ಎಂದು ಯಾರೋ ಗೊಣಗಿದರು. ಆಮೇಲೆ ಅವರೇ ಎಲ್ಲರಿಗಿಂತ ಜೋರಾಗಿ, "ಇಲ್ಲೇ ಇದ್ದಾಳೆ!" ಎಂದರು.

ಒಂಬತ್ತನೆಯವರ ಹೆಸರಿಗೆ ಜಗಳವೇ ಆಯಿತು. ಅರ್ಧ ಜನ "ಗುಬ್ಬಿ" ಎಂದರು, ಅರ್ಧ ಜನ "ಗೂಬೆ" ಎಂದರು. ಗಲಾಟೆ ಕೇಳಿ ಅಜ್ಜಿ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದಳು.

"ಬೆಳಿಗ್ಗೆ ಚರ್ಚಲ್ಲಿ ನುಡಿಸ್ದಾಗ ಗುಬ್ಬಿ, ಕತ್ತಲಾದ್ಮೇಲೆ ಬಾರಲ್ಲಿ ನುಡಿಸ್ದಾಗ ಗೂಬೆ," ಎಂದು ಅಜ್ಜಿ ತೀರ್ಪು ಕೊಟ್ಟಳು. "ಎರಡೂ ಕೂಗು ಬೇಬಿ. ಅದಕ್ಯಾಕೆ ಕಿತ್ತಾಟ!"

ಆ ಒಬ್ಬ ಮನುಷ್ಯನಿಗೆ ಎರಡು ಸಲ ಧಮ್ ಆಯಿತು.

ಒಂದೊಂದು ಹೆಸರು ಸಿಕ್ಕಿದಾಗಲೂ ಕೊರಿನ್ ಹಾಳೆಯನ್ನು ಗೋಡೆಗೆ ಒತ್ತಿ ಪೆನ್ಸಿಲಿನಲ್ಲಿ ಪಕ್ಕಕ್ಕೆ ಬರೆದುಕೊಂಡಳು. ಮೊದಲು ಬರೆದದ್ದು ದುಂಡಗೆ, ಸಾಲಾಗಿ ಇತ್ತು. ಈಗಿನದು ಸೊಟ್ಟಸೊಟ್ಟಗೆ, ಗೆರೆಯಿಂದ ಹೊರಗೆ ಹೋಗುತ್ತಿತ್ತು.

ಕೊನೆಗೆ ಹದಿನಾಲ್ಕನೆಯ ಹೆಸರು ಬಂತು. ಅವರ ಕಲ್ಲು ಇನ್ನೂ ಹೊಸದು.

"ಒಕ್ಟೇವ್ ಲೂಸಿಯನ್ ಗಿಶಾರ್," ಎಂದು ಓದಿ ಕೊರಿನ್ ತಲೆಯೆತ್ತಿದಳು. "ಇವರನ್ನ ಏನಂತ ಕರೀತಿದ್ರಿ?"

ಈ ಸಲ ಯಾರೂ ನಗಲಿಲ್ಲ.

"ಅವರಿಗೆ ಅಡ್ಡಹೆಸರು ಇರಲಿಲ್ಲಮ್ಮ," ಎಂದರು ಮಿಸ್ಟರ್ ಕ್ಲೋವಿಸ್. "ನಮಗೆಲ್ಲ ಹೆಸರು ಇಟ್ಟಿದ್ದೇ ಅವರು. ಅವರಿಗೆ ಇಡೋ ಧೈರ್ಯ ಯಾರಿಗಿತ್ತು?"

ಕೊರಿನ್ ಹಾಳೆ ಮಡಿಸಿದಳು. ಪ್ರತಿ ದಿನ ಸ್ಕೂಲಿಗೆ ಹೋಗುವಾಗ ಅವರ ಜಗಲಿಯ ಮುಂದೆ ಹೇಗೆ ಕೂಗುತ್ತಿದ್ದಳೋ ಹಾಗೇ ಕೂಗಿದಳು.

"ಮಿಸ್ಟರ್ ಒಕ್ಟೇವ್!"

"ಇಲ್ಲೇ ಇದ್ದಾರೆ!"

ಡ್ರಮ್ಮಿನ ಸದ್ದಿಗೆ ಕ್ಲಬ್ಬಿನ ಕಿಟಕಿ ಗಾಜು ಗಲಗಲ ಅಂದಿತು. ಅದು ನಿಲ್ಲುವುದಕ್ಕೆ ಮೊದಲೇ ಟ್ರಂಪೆಟ್ ಎದ್ದಿತು, ಹಿಂದೆಯೇ ಟ್ರಾಂಬೋನ್. ಕುಣಿಯಲು ತಂದಿದ್ದ ಬಣ್ಣದ ಛತ್ರಿಗಳು ಬಿಚ್ಚಿಕೊಂಡವು. ಮಿಸ್ ವರ್ಲೀನ್ ಸೊಂಟ ನೋವು ಮರೆತು ಎದ್ದೇಬಿಟ್ಟರು.

ಕೊರಿನ್ ಮೆಟ್ಟಿಲ ಮೇಲೆ ಕುಸಿದು ಕೂತು ಉಸ್ಸಪ್ಪಾ ಎಂದಳು. ನಗು ಬರುತ್ತಿತ್ತು.

"ಏ ಫುಲ್‌ನೇಮ್!" ಎಂದು ಮಿಸ್ಟರ್ ಕ್ಲೋವಿಸ್ ಡ್ರಮ್ ಬಾರಿಸುತ್ತಲೇ ಕೂಗಿದರು. "ಅಲ್ಲೇನು ಮೊಟ್ಟೆ ಇಡ್ತಿದೀಯಾ? ಬಾ ಮುಂದಕ್ಕೆ!"

ಕೊರಿನ್ ಹಿಂದಕ್ಕೆ ತಿರುಗಿ ನೋಡಿದಳು. ಹಿಂದೆ ಬಾಗಿಲು ಬಿಟ್ಟರೆ ಯಾರೂ ಇರಲಿಲ್ಲ.

"ನಿನ್ನನ್ನೇ ಕಣೇ!" ಎಂದರು ಮಿಸ್ ವರ್ಲೀನ್.

"ಫುಲ್‌ನೇಮ್! ಫುಲ್‌ನೇಮ್!" ಎಂದು ಟೈರೆಲ್ ಕುಣಿಯುತ್ತ ರಾಗವಾಗಿ ಕೂಗಿದ. ಹುಡುಗರೆಲ್ಲ ಅದನ್ನೇ ಹಿಡಿದರು. ದೊಡ್ಡವರೂ ಹಿಡಿದರು.

ಮೆರವಣಿಗೆ ಮೂಲೆ ತಿರುಗುವಾಗ ಇನ್ನೊಂದು ಸಲ ಯಾರೋ ಆ ಹೆಸರು ಕರೆದರು. ಈ ಸಲ ಕೊರಿನ್ ಹಿಂದೆ ತಿರುಗಿ ನೋಡಲಿಲ್ಲ.

"ಬಂದೇ!" ಎಂದು ಮೆಟ್ಟಿಲಿಂದ ಹಾರಿ ಓಡಿದಳು.