ಹದಿಮೂರನೆಯ ಗಾಜು

“ಪ್ಲಾಸ್ಟಿಕ್ ಚೂರು ಕಳುವಾಯ್ತಂತೆ ಸಾರ್, ದೊಡ್ಡ ಮನುಷ್ಯರು ಬಂದಿದ್ದಾರೆ,” ಎಂದ ದಫೇದಾರ, ಮೀಸೆಯಡಿ ನಗು ನುಂಗುತ್ತ.

ಸೋಮವಾರ ಬೆಳಿಗ್ಗೆ ಹತ್ತೂ ಇಪ್ಪತ್ತು. ಠಾಣೆಯ ಬಾಗಿಲಲ್ಲಿದ್ದ ಪ್ರೊಫೆಸರರ ಕಿವಿಗೆ ಅದು ಬಿದ್ದೇಬಿಟ್ಟಿತು.

“ಚೂರಲ್ಲ ಕಣ್ರೀ, ಕರೆಂಟು ಹರಿಯೋ ಪಾಲಿಮರ್. ಗಾಜಿನ ಮೇಲೆ ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿನ ಪದರ. ತಂಪು ಮಾಡೋ ಅಮೋನಿಯ ಗ್ಯಾಸ್ ಸೋರಿದರೆ ತಟ್ಟನೆ ತಿಳಿಸುತ್ತೆ. ಹನ್ನೆರಡು ಗಾಜು, ಮೂರು ವರ್ಷದ ದುಡಿಮೆ. ನಾಳೆ ಕೋಲ್ಡ್ ಸ್ಟೋರೇಜಿನಲ್ಲಿ ಕೂರಿಸಬೇಕಿತ್ತು.”

ಎಫ್‌ಐಆರ್ ದಾಖಲಿಸಿ, ಹನ್ನೊಂದೂವರೆಗೆ ಇನ್‌ಸ್ಪೆಕ್ಟರು ಪ್ರಯೋಗಾಲಯದಲ್ಲಿ ಇಬ್ಬರು ಪಂಚರೆದುರು ಪಂಚನಾಮೆ ಶುರುಮಾಡಿದರು. ಬೀಗ ಮುರಿದಿರಲಿಲ್ಲ. ಪದರಗಳನ್ನಿಡುವ ದಪ್ಪ ಗಾಜಿನ ಪಾತ್ರೆ ಖಾಲಿ. ಆದರೆ ಮುಚ್ಚಳಕ್ಕೆ ಹೊಸದಾಗಿ ಗ್ರೀಸ್ ಸವರಿ ಗಾಳಿಯಾಡದಂತೆ ಮುಚ್ಚಲಾಗಿತ್ತು. ಖಾಲಿ ಪಾತ್ರೆಗೆ ಇಷ್ಟು ಜೋಪಾನವೇ? ಇನ್‌ಸ್ಪೆಕ್ಟರಿಗೆ ಅದು ಗಂಟಲಮುಳ್ಳಾಯಿತು.

ಪಕ್ಕದಲ್ಲಿ ದಾರ ಕಟ್ಟಿದ ನೋಟ್‌ಬುಕ್ ಇತ್ತು.

“ಇದೇನು?”

“ಪಾತ್ರೆ ತೆರೆದವರು ಒಳಗಿನ ತೇವದ ಅಳತೆ ಬರೀಬೇಕು.”

“ಭಾನುವಾರ ಯಾರು ಬರ್ತಾರೆ?”

“ಯಾರೂ ಇಲ್ಲ.”

ದಫೇದಾರ ಬೆರಳಿಟ್ಟು ಓದಿದ: “ಭಾನುವಾರ, ಸಂಜೆ ನಾಲ್ಕೂ ನಲವತ್ತು. ತೇವ ಹದಿನೆಂಟು. ಸಹಿ ಇಲ್ಲ. ಕಳ್ಳ ಹಾಜರಿ ಹಾಕಿ ಹೋಗಿದ್ದಾನೆ ಸಾರ್!”

ಇನ್‌ಸ್ಪೆಕ್ಟರು ಹಾಳೆ ಹಿಂದಕ್ಕೆ ತಿರುವಿದರು. ಹಿಂದಿನ ಪುಟಗಳಲ್ಲೂ ಅದೇ ಬಾಲ ಬಾಗಿದ ಎಂಟು. ಪಕ್ಕದಲ್ಲಿ ಪದರ ಹಚ್ಚುವ ತಂತ್ರಜ್ಞೆಯ ಸಹಿ. ಎಲ್ಲರೂ ಅವರನ್ನು ಕರೆಯುವುದು ‘ಅಕ್ಕ’ ಎಂದು. ಇಪ್ಪತ್ತು ವರ್ಷದ ರೂಢಿ, ಕದಿಯುವಾಗಲೂ ಕೈ ಸುಮ್ಮನಿರಲಿಲ್ಲ.

ಎರಡು ಗಂಟೆಗೆ ಅವರ ಮನೆ. ಅಕ್ಕ ಕೇಳುವ ಮೊದಲೇ ಸ್ಟೀಲ್ ಡಬ್ಬಿ ತಂದಿಟ್ಟರು. ತೇವ ಹೀರುವ ಪೊಟ್ಟಣಗಳ ನಡುವೆ ಹನ್ನೆರಡೂ ಗಾಜು. ಜೊತೆಗೆ ಕಾಗದದಲ್ಲಿ ಬೇರೆಯಾಗಿ ಸುತ್ತಿದ ಇನ್ನೊಂದು, ಹದಿಮೂರನೆಯದು.

“ಯಾರಿಗೆ ಮಾರೋಕಮ್ಮ?”

“ಮಾರೋಕಾ! ನನ್ನ ತಮ್ಮ ಅದೇ ಕೋಲ್ಡ್ ಸ್ಟೋರೇಜಿನಲ್ಲಿ ಕಂಪ್ರೆಸರ್ ನೋಡ್ಕೊಳ್ತಾನೆ. ಇದನ್ನು ನಂಬಿ ನಾಳೆ ಹಳೇ ಅಲಾರಂ ಕೀಳ್ತಾರೆ. ತೇವದಲ್ಲಿ ನಲವತ್ತು ದಿನ ಇದ್ದರೆ ಈ ಪದರ ಸತ್ತಹಾಗೆ ಸಾರ್. ಅಲ್ಲಿ ಗೋಡೆಯೆಲ್ಲ ನೀರು.”

“ಹೇಳಬಹುದಿತ್ತಲ್ಲ?”

“ಪ್ರೊಫೆಸರರಿಗೆ ಮೂರು ಸಲ ಹೇಳಿದೆ. ಡಾಕ್ಟರೇಟ್ ನಿಮಗಿದೆಯೋ ನನಗೋ ಅಂದರು.”

ಕದ್ದದ್ದು ಕದ್ದದ್ದೇ. ಮೂರೂ ಹತ್ತಕ್ಕೆ ದಸ್ತಗಿರಿ. ಗಾಜುಗಳನ್ನು ಗುರುತಿಸಲು ಅವರನ್ನು ಪ್ರಯೋಗಾಲಯಕ್ಕೆ ಕರೆತಂದರು. ಪ್ರೊಫೆಸರರು ಒಂದಕ್ಕೆ ಮೀಟರಿನ ತಂತಿ ಸಿಕ್ಕಿಸಿ, ಅಮೋನಿಯ ಶೀಸೆಯ ಬಿರಡೆ ತೆಗೆದರು. ಮುಳ್ಳು ಸರ್ರನೆ ಓಡಿತು.

“ನೋಡಿದಿರಾ? ಬದುಕಿದೆ!”

“ಅದು ಒಣಗಿದ ಪಾತ್ರೆಯಲ್ಲಿತ್ತು ಸಾರ್,” ಅಕ್ಕ ಮೆಲ್ಲಗೆ ಅಂದರು. “ಕಾಗದದಲ್ಲಿರೋದಕ್ಕೂ ಅದೇ ಪದರ ಹಚ್ಚಿದ್ದೆ, ನಲವತ್ತು ದಿನ ಇಲ್ಲೇ ಸಿಂಕಿನ ಮೇಲಿತ್ತು. ಅದನ್ನೂ ಹಾಕಿ.”

“ಅದು ಕೇಸಿಗೆ ಸೇರಿದ್ದಲ್ಲ.”

“ಡಬ್ಬಿಯಲ್ಲಿ ಸಿಕ್ಕಿದೆ, ಪಂಚನಾಮೆಗೆ ಸೇರುತ್ತೆ,” ಎಂದರು ಇನ್‌ಸ್ಪೆಕ್ಟರು. “ಹಾಕಿ.”

ಪ್ರೊಫೆಸರರು ತಂತಿ ಬದಲಿಸಿದರು. ಶೀಸೆ ಮತ್ತೆ ತೆರೆಯಿತು. ಘಾಟು ಕೋಣೆ ತುಂಬಿ ಪಂಚರು ಕೆಮ್ಮಿದರು, ದಫೇದಾರ ಕಣ್ಣೊರೆಸಿಕೊಳ್ಳುತ್ತ ಕಿಟಕಿಗೆ ಓಡಿದ. ಮುಳ್ಳು ಮಾತ್ರ ಇದ್ದಲ್ಲಿಂದ ಅಲ್ಲಾಡಲಿಲ್ಲ.