ಆಕಾಶದ ಕೂಗಿಗೆ ಓಗೊಟ್ಟವನು

"ಆ ಟೇಪು ಹಾಕ್ಬೇಡ ಕಣೋ. ಹಾಕಿದ್ರೂ, ಅದು ಕೂಗಿದಾಗ ಓಗೊಡಬೇಡ," ಎಂದಳು ಅತ್ತೆ, ಊಟದ ಡಬ್ಬಿಯನ್ನು ರೇಡಿಯೋ ಕೇಂದ್ರದ ಮೇಜಿನ ಮೇಲಿಡುತ್ತ.

"ಟೇಪಿಗೆ ಯಾರಾದ್ರೂ ಓಗೊಡ್ತಾರಾ ಅತ್ತೆ? ನನಗೇನು ತಲೆ ಕೆಟ್ಟಿದೆಯಾ?" ರಾಕೆಟ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ಆ ಟೇಪಲ್ಲಿರೋನು ಆಕಾಶಕ್ಕೆ ಹಾರಿದ್ದಾಗ ಗಾಳಿ ಮುಗೀತಾ ಬಂದಿತ್ತಂತೆ. ಕೆಳಗಿನವರು ಮಾತಾಡೋದೇ ಬಿಟ್ಟುಬಿಟ್ರಂತೆ. ಅವನ ತಾಯಿ ತನ್ನ ಕೂದಲು ಕಿತ್ತು ಆ ಟೇಪಿನ ಸುರುಳಿಗೆ ಕಟ್ಟಿ ಮಾಟ ಮಾಡಿಸಿದ್ಲು. ಓಗೊಟ್ಟವನ ಉಸಿರು ನನ್ನ ಮಗನಿಗೆ ಅಂತ."

"ಒಳ್ಳೆ ತಾಯಿ ಬಿಡಿ!"

"ನಿಮ್ಮ ಮಾವನೂ ಹೀಗೇ ನಕ್ಕಿದ್ರು..." ಬಾಗಿಲಲ್ಲಿ ಗಂಡನ ನೆರಳು ಕಂಡು ಅತ್ತೆ ಬಾಯಿ ಮುಚ್ಚಿಕೊಂಡು ಹೊರಟುಹೋದಳು.

ರಾಕೆಟ್ ಎನ್ನುವುದು ಮನೆಯವರಿಟ್ಟ ಹೆಸರು. ಬಾಹ್ಯಾಕಾಶಕ್ಕೆ ಮೊದಮೊದಲು ಹಾರಿದವರ ಹಳೆಯ ದನಿಗಳೆಂದರೆ ಅವನಿಗೆ ಪ್ರಾಣ. ತಂದೆಯಿಲ್ಲದ ಅವನನ್ನು ಸಾಕಿದ ಸೋದರಮಾವನೇ ರೇಡಿಯೋ ಕೇಂದ್ರದಿಂದ ಟೇಪು ಹೊತ್ತು ತಂದು ಆ ಹುಚ್ಚು ಹಿಡಿಸಿದ್ದ. ಬೇರೆ ಮಕ್ಕಳಿಗೆ ಜೋಗುಳ, ಇವನಿಗೆ ಗರಗರ ಸದ್ದು, ಬೀಪ್ ಬೀಪ್. ಮಾವ ಒಳಕೋಣೆಯಿಂದ "ಕೇಳಿಸ್ತಿದೆಯಾ?" ಎಂದು ಕೂಗಬೇಕು, ಮಂಚದಡಿಯ ನೌಕೆಯಿಂದ ಇವನು "ಕೇಳಿಸ್ತಿದೆ!" ಅನ್ನಬೇಕು. ಅಂದರೆ ಒಂದು ಪೆಪ್ಪರಮಿಂಟು. ಆಡಿ ಆಡಿ ನಿದ್ದೆಯಲ್ಲೂ ಓಗೊಡುತ್ತಿದ್ದ.

ಮಾವನಿಗೆ ಆಗಲೇ ಗೂರಲು. ವರ್ಷವರ್ಷಕ್ಕೆ ಉಸಿರು ಗಿಡ್ಡವಾಗಿ, ಈಗ ಎರಡು ಮಾತಿಗೊಮ್ಮೆ ತೂತು ಬಿದ್ದ ಕುಲುಮೆಯ ತಿದಿಯಂತೆ ಸುಯ್ಯೆನ್ನುತ್ತಿದ್ದ. ಕೇಂದ್ರದಲ್ಲಿ ಹಳೆಯ ಟೇಪು ಸರಿಮಾಡುವ ಕೆಲಸವನ್ನು ಇವನಿಗೆ ಕೊಡಿಸಿದ್ದೂ ಅವನೇ.

"ನಿನಗೇಂತ... ಇಟ್ಟಿದ್ದೆ," ಎಂದು, ಅತ್ತೆ ಹೋದ ಮೇಲೆ ಒಳಬಂದ ಮಾವ ಆ ಸುರುಳಿಯನ್ನು ಕೈಗಿತ್ತು, ಗಾಜಿನ ಗೋಡೆಯಾಚೆಯ ಕೋಣೆಗೆ ಹೋಗಿ ಕೂತ.

ಸುರುಳಿಯ ನಡುವೆ ಕರಿಕೂದಲ ಗಂಟು. "ಯಾರ ಜಡೆಯಪ್ಪಾ ಇದು!" ರಾಕೆಟ್ ದಪ್ಪ ಬಾಗಿಲು ಹಾಕಿ ಯಂತ್ರ ತಿರುಗಿಸಿದ. ಹಳೆಯ ಟೇಪಿನ ಹುಳಿ ವಾಸನೆ ಎದ್ದಿತು. ಗರಗರ. ಬೀಪ್. ಆಹಾ, ಮಂಚದಡಿಯ ಅದೇ ಸುಖ! ಅವನು ಕಣ್ಣು ಮುಚ್ಚಿದ. ಆ ಸದ್ದಿನ ಆಳದಲ್ಲಿ ಯಾರೋ ಏದುಸಿರು ಬಿಡುತ್ತಿದ್ದರು.

"ಕೇಳಿಸ್ತಿದೆಯಾ?"

"ಕೇಳಿಸ್ತಿದೆ!"

ಬಾಯಿ ತಾನಾಗಿಯೇ ಅಂದುಬಿಟ್ಟಿತ್ತು.

ಬೀಪ್ ನಿಂತಿತು. ಕೂದಲು ಸುಟ್ಟ ವಾಸನೆ. ದೀಪ ಹೋಯಿತು. ಕಿವಿಯ ಪಕ್ಕದಲ್ಲೇ ಯಾರೋ ಆತುರದಿಂದ ಉಸಿರೆಳೆದುಕೊಂಡರು. ಇವನ ಉಸಿರನ್ನು. ಎದೆ ಬಿಗಿಯಿತು. ಕತ್ತಲಲ್ಲಿ ಬಾಗಿಲು ತಡಕಿದ. ಸಿಗಲಿಲ್ಲ. ಮೊಣಕಾಲೂರಿದ. ಗಾಳಿ ಇಲ್ಲ. ಗಾಳಿಯೇ ಇಲ್ಲ.

ಗೋಡೆಯ ಸ್ಪೀಕರಿನಲ್ಲಿ ಮಾವನ ದನಿ ಬಂತು. ಸುಯ್ಯೆನ್ನದೆ, ಒಂದೇ ಉಸಿರಿಗೆ.

"ಒಮ್ಮೆ ಓಗೊಟ್ಟೋನನ್ನ, ಇನ್ನೊಬ್ಬ ಓಗೊಡೋವರೆಗೂ ಅವನು ಬಿಡಲ್ಲ ಕಣೋ. ಎಷ್ಟು ಜನಕ್ಕೆ ಕೇಳಿಸಿ ನೋಡ್ದೆ. ಟೇಪಿಗೆ ಯಾರು ಓಗೊಡ್ತಾರೆ ಹೇಳು? ಅದಕ್ಕೇ ನಿನ್ನ ಬೆಳೆಸ್ಬೇಕಾಯ್ತು."

ರಾಕೆಟ್ ತೆವಳಿ ಗಾಜಿಗೆ ಮುಖವೊತ್ತಿದ. ಆಚೆ ದೀಪ ಮತ್ತೆ ಹತ್ತಿತ್ತು. ಮಾವನಿದ್ದ.

"ಮಾವಾ... ಮಾವಾ... ಕೇಳಿಸ್ತಿದೆಯಾ?"

ಮಾವನಿಗೆ ಕೇಳಿಸಿತು. ತುಟಿ ಅಲುಗಿತು. ಆದರೆ ಅದನ್ನು ಕಚ್ಚಿ ಹಿಡಿದು, ಮೂಗಿನ ತುಂಬ ಗಾಳಿ ಎಳೆದುಕೊಂಡ. ಜೇಬಿನಿಂದ ಒಂದು ಪೆಪ್ಪರಮಿಂಟು ತೆಗೆದು ಗಾಜಿನ ಅಂಚಿಗಿಟ್ಟು, ಸ್ಪೀಕರಿನ ಗುಂಡಿ ಒತ್ತಿ ದನಿ ನಿಲ್ಲಿಸಿದ.